ಜಂತುಹುಳದ ಬಾಟಲಿಯೂ ನಮ್ಮ ಜಮಾ-ಖರ್ಚೂ

ಮಾರ್ಚ್ ತಿಂಗಳ ಕೊನೆಯ ವಾರವೆಂದರೆ ನಮ್ಮ ವೃತ್ತಿಯವರಿಗೆ ದಾಸ್ತಾನು ಪರಿಶೀಲನೆಯ ಕಾಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕುಗಳ ಅಂಗಡಿಗಳ ಕಪಾಟುಗಳನ್ನು ಸುಮಾರು ಮೂರು ದಶಕಗಳಿಂದ ನೋಡುತ್ತ ಬಂದಿದ್ದೇನೆ. ಕೆಲವು ವರ್ಷಗಳ ಹಿಂದೆ ಒಳನಾಡಿನ ಒಂದು ಕಿರಾಣಿ ಅಂಗಡಿಯಲ್ಲಿ ಕಂಡ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಅಂಗಡಿಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳುವುದು ನನ್ನ ವೃತ್ತಿಧರ್ಮಕ್ಕೆ ಸಲ್ಲದು.

ಬೆಂಕಿಪೆಟ್ಟಿಗೆ, ಊದುಬತ್ತಿಗಳ ಹಿಂದೆ ಮೇಲಿನ ಹಲಗೆಯ ಮೇಲೆ ಮೂರು ಡಜನ್ ಸಣ್ಣ ಬಾಟಲಿಗಳಿದ್ದವು. ಲೇಬಲ್ಲಿನ ಮೇಲೆ ನಗುವ ಮಗುವಿನ ಚಿತ್ರ. ಕೆಳಗೆ ‘ಮಕ್ಕಳಿಗೂ ದೊಡ್ಡವರಿಗೂ, ಸಕಲ ಜಂತುಹುಳಗಳಿಗೆ ರಾಮಬಾಣ’ ಎಂಬ ಒಕ್ಕಣೆ. ತಯಾರಕರ ವಿಳಾಸವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಒಳಗೇನಿದೆ ಎಂಬ ವಿವರವೂ ಇಲ್ಲ. ಪಕ್ಕದಲ್ಲಿ ಕಾಗದದ ಪೊಟ್ಟಣಗಳಲ್ಲಿ ಕಂದುಬಣ್ಣದ ‘ಹುಳದ ಪುಡಿ’. ಖರೀದಿ ಬಿಲ್ಲು ಕೇಳಿದೆ. ಮಾಲೀಕರು ನಕ್ಕು, “ಸರ, ಅದು ಸಂತಿ ಮಾಲು ರಿ. ಬಿಲ್ಲು ಎಲ್ಲಿಂದ ಬರಬೇಕು? ಮಳಿಗಾಲ ಮುಗಿಯೂದ್ರೊಳಗ ಎಲ್ಲಾ ಖಾಲಿ ಆಗ್ತದ” ಎಂದರು. ಬಿಲ್ಲಿಲ್ಲದ ಸರಕಿಗೆ ದಾಸ್ತಾನು ಪಟ್ಟಿಯಲ್ಲಿ ಬೆಲೆ ಕಟ್ಟುವುದು ಹೇಗೆಂಬ ನನ್ನ ತಾಂತ್ರಿಕ ಪ್ರಶ್ನೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ಸಮಯಕ್ಕೆ ಗದ್ದೆ ಕೆಲಸದ ಹೆಣ್ಣುಮಗಳೊಬ್ಬಳು ಬಂದು, ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿ, ಆ ಬಾಟಲಿಯಲ್ಲೊಂದನ್ನು ಕೊಂಡೊಯ್ದಳು. ಅವಳೂ ಅವಳ ಕಂಕುಳಲ್ಲಿದ್ದ ಮಗುವೂ ಬರಿಗಾಲಿನಲ್ಲಿದ್ದರು. ಆ ಹಣಕ್ಕೆ ಅವಳಿಗೆ ದೊರೆತದ್ದೇನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಆದುದರಿಂದ ಔಷಧೋಪಚಾರದ ಸಲಹೆ ನೀಡುವುದು ನನ್ನ ಉದ್ದೇಶವಲ್ಲ. ಈ ಬಾಟಲಿಯನ್ನು ಮಾರುವವರು, ಕೊಳ್ಳುವವರ ಕೈಗೆ ಕೂಲಿ ಕೊಡುವವರು, ಅವರ ದುಡಿಮೆಯನ್ನು ನಂಬಿ ಬಂಡವಾಳ ಹೂಡಿದವರು ಈ ಪತ್ರಿಕೆಯ ಓದುಗರೇ ಆಗಿರುವುದರಿಂದ, ಇದರ ಲೆಕ್ಕವನ್ನು ಒಮ್ಮೆ ಬಿಚ್ಚಿ ನೋಡುವುದು ಅವಶ್ಯವೆಂದು ಭಾವಿಸಿದ್ದೇನೆ.

‘ಪೇಟೆಂಟ್’ ಎಂಬ ಪದದ ಮರೆಯಲ್ಲಿ

ನಮ್ಮಲ್ಲಿ ‘ಪೇಟೆಂಟ್ ಔಷಧಿ’ ಎಂದೊಡನೆ ಸರಕಾರವೇ ಪರೀಕ್ಷಿಸಿ ಮುದ್ರೆಯೊತ್ತಿದ ಔಷಧಿ ಎಂಬ ಭಾವನೆಯಿದೆ. ವಾಸ್ತವ ಬೇರೆ. ನಿಜವಾದ ಪೇಟೆಂಟ್ ಪಡೆಯಬೇಕಾದವನು ತನ್ನ ಆವಿಷ್ಕಾರದ ಪೂರ್ಣ ವಿವರವನ್ನು ಬಹಿರಂಗಪಡಿಸಬೇಕು. ಪ್ರತಿಯಾಗಿ 20 ವರ್ಷಗಳ ಏಕಸ್ವಾಮ್ಯ ದೊರೆಯುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಪೇಟೆಂಟ್ ಔಷಧಿಗಳ ಮಾರಾಟ ನಡೆದದ್ದು ಇದಕ್ಕೆ ತದ್ವಿರುದ್ಧವಾಗಿ. ಒಳಗಿನ ವಸ್ತು ಗುಟ್ಟು, ಹೆಸರು ಮಾತ್ರ ಬಹಿರಂಗ. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘವು ಇಂತಹ ಅನೇಕ ಗುಪ್ತ ಔಷಧಿಗಳನ್ನು ರಾಸಾಯನಿಕ ಪರೀಕ್ಷೆಗೆ ಒಳಪಡಿಸಿ ಫಲಿತಾಂಶವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದಾಗ, ದುಬಾರಿ ಬಾಟಲಿಗಳ ಒಳಗೆ ಕವಡೆ ಕಿಮ್ಮತ್ತಿನ ಪದಾರ್ಥಗಳಿದ್ದುದು ಬಯಲಾಯಿತು.

ನಮ್ಮ ದೇಶದಲ್ಲಿ 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಔಷಧ ವಿಚಾರಣಾ ಸಮಿತಿಯು ಮುಂದಿನ ವರ್ಷ ವರದಿ ಸಲ್ಲಿಸಿತು. ಅದರ ಫಲವೇ 1940ರ ಔಷಧ ಕಾಯ್ದೆ. ಇಂದಿನ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ. ಅದರಲ್ಲಿ ‘ಪೇಟೆಂಟ್ ಅಥವಾ ಪ್ರೊಪ್ರೈಟರಿ ಔಷಧ’ ಎಂಬ ವ್ಯಾಖ್ಯೆಯೇನೋ ಇದೆ. ಆದರೆ ಅದು ಔಷಧದ ವರ್ಗವನ್ನು ಸೂಚಿಸುವ ಪದವೇ ಹೊರತು ಗುಣಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ ಎಂಬುದನ್ನು ವ್ಯಾಪಾರಸ್ಥರು ಗಮನಿಸಬೇಕು.

ಔಡಲೆಣ್ಣೆಯಿಂದ ಗುಳಿಗೆಯವರೆಗೆ

ಐವತ್ತು ದಾಟಿದ ನನ್ನ ಓರಗೆಯವರಿಗೆ ಜಂತುಹುಳವೆಂದೊಡನೆ ನೆನಪಾಗುವುದು ಔಡಲೆಣ್ಣೆ. ಶಾಲೆಗೆ ರಜೆಯಿದ್ದ ದಿನ ನಸುಕಿನಲ್ಲಿ ಎಬ್ಬಿಸಿ, ಮೂಗು ಹಿಡಿದು ಎಣ್ಣೆ ಕುಡಿಸಿ, ಕೈಗೆ ಬೆಲ್ಲದ ಚೂರು ಕೊಡುತ್ತಿದ್ದ ಅಜ್ಜಿಯರು ಎಲ್ಲರ ಮನೆಯಲ್ಲಿಯೂ ಇದ್ದರು. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳ, ಸಿಹಿ ಹೆಚ್ಚು ತಿಂದರೆ ಹುಳ ಎಂಬ ನಂಬಿಕೆಗಳೂ ಜೊತೆಗಿದ್ದವು. ಹಲ್ಲು ಕಡಿಯುವುದು ಹುಳದ ಖಚಿತ ಲಕ್ಷಣವಲ್ಲ. ಬೆಲ್ಲದಿಂದ ಹುಳ ಹುಟ್ಟುವುದೂ ಇಲ್ಲ. ಔಡಲೆಣ್ಣೆ ಕರುಳನ್ನು ತೊಳೆಯುತ್ತಿತ್ತೇ ಹೊರತು ಕರುಳಿಗೆ ಕಚ್ಚಿಕೊಂಡ ಹುಳವನ್ನು ಕೊಲ್ಲುತ್ತಿರಲಿಲ್ಲ.

ನಮ್ಮ ಕಾಡಿನ ಸರಕೂ ಈ ಚಿಕಿತ್ಸೆಯಲ್ಲಿದೆ. ವಾಯುವಿಳಂಗದ ಕಾಳು ಮತ್ತು ಮುತ್ತುಗದ ಬೀಜಗಳನ್ನು ಆಯುರ್ವೇದವು ಕೃಮಿಹರವೆಂದು ಬಹು ಹಿಂದಿನಿಂದ ಗುರುತಿಸಿದೆ. ಅವುಗಳನ್ನು ಪ್ರಮಾಣವರಿತು ಕೊಡುವ ವೈದ್ಯರ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಾಯುವಿಳಂಗದ ಹೆಸರಿನಲ್ಲಿ ಬೇರೆ ಜಾತಿಯ ಕಾಳುಗಳೂ ಪೇಟೆಗೆ ಬರುತ್ತವೆ. ಹೀಗಿರುವಾಗ ಹೆಸರಿಲ್ಲದ ಪೊಟ್ಟಣದಲ್ಲಿ ಅರೆದು ತುಂಬಿದ್ದೇನು ಎಂಬುದನ್ನು ಮಾರುವವನೂ ಹೇಳಲಾರ, ಕೊಳ್ಳುವವನೂ ಅರಿಯಲಾರ.

ಕಿರಮಾಣಿ ಅಜವಾನದಿಂದ ತೆಗೆದ ‘ಸ್ಯಾಂಟೋನಿನ್’ ಎಂಬ ಔಷಧಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಜಗತ್ತಿನಾದ್ಯಂತ ಹುಳದ ಔಷಧಿಗಳ ಜೀವಾಳವಾಗಿತ್ತು. ಪ್ರಮಾಣ ಸ್ವಲ್ಪ ಮೀರಿದರೆ ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುತ್ತಿತ್ತು. 1950ರ ದಶಕದಲ್ಲಿ ಬಳಕೆಗೆ ಬಂದ ಪೈಪರಾಜಿನ್ ಎಂಬ ಸಿಹಿ ಸಿರಪ್ಪು ಅದರ ಸ್ಥಾನವನ್ನು ಆಕ್ರಮಿಸಿತು. ತರುವಾಯ 1970ರ ದಶಕದಲ್ಲಿ ಮೆಬೆಂಡಜೋಲ್ ಮತ್ತು ಅಲ್ಬೆಂಡಜೋಲ್ ಬಂದವು. ಅಲ್ಬೆಂಡಜೋಲ್ ಮೊದಲು ದನಕರುಗಳಿಗಾಗಿ ರೂಪಿಸಿದ ಔಷಧ. ಮನುಷ್ಯರ ಬಳಕೆಗೆ ಅನುಮತಿ ದೊರೆತದ್ದು 1982ರಲ್ಲಿ.

ಕಾಣುವ ಹುಳ, ಕಾಣದ ಹುಳ

ಈ ವ್ಯಾಪಾರದ ಮರ್ಮವೆಲ್ಲ ಒಂದೇ ಸಂಗತಿಯಲ್ಲಿ ಅಡಗಿದೆ. ಮಣ್ಣಿನ ಮೂಲಕ ಹರಡುವ ಮುಖ್ಯ ಹುಳುಗಳು ಮೂರು: ದುಂಡು ಹುಳು, ಚಾವಟಿ ಹುಳು ಮತ್ತು ಕೊಕ್ಕೆ ಹುಳು. ದುಂಡು ಹುಳು ಎರೆಹುಳದಷ್ಟು ಉದ್ದ. ಮಲದಲ್ಲಿ ಬಿದ್ದರೆ ಯಾರಿಗಾದರೂ ಕಣ್ಣಿಗೆ ಕಾಣುತ್ತದೆ. ಪೈಪರಾಜಿನ್ ಅದನ್ನು ನಿಶ್ಚೇಷ್ಟಿತಗೊಳಿಸಿ ಹೊರಹಾಕುತ್ತದೆ. ಎರಡು ಚಮಚ ಸಿರಪ್ಪು ಕುಡಿಸಿದ ಮರುದಿನ ಗೇಣುದ್ದದ ಹುಳು ಬಿದ್ದುದನ್ನು ಕಂಡ ತಾಯಿಗೆ ಬೇರೆ ಪುರಾವೆ ಬೇಕೆ? ಬಾಟಲಿಯ ಕೀರ್ತಿ ಓಣಿಯಿಡೀ ಹಬ್ಬುತ್ತದೆ.

ಕೊಕ್ಕೆ ಹುಳುವಿನ ಉದ್ದ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಅದು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹಳೆಯ ಸಿರಪ್ಪುಗಳಲ್ಲಿದ್ದ ಪೈಪರಾಜಿನ್ ಆಗಲಿ, ಅದಕ್ಕೂ ಮುಂಚಿನ ಸ್ಯಾಂಟೋನಿನ್ ಆಗಲಿ ಇದಕ್ಕೆ ಉಪಯುಕ್ತವಲ್ಲ. ಅಂದರೆ ತಲೆಮಾರುಗಟ್ಟಲೆ ನಮ್ಮ ಅಂಗಡಿಗಳು ಮಾರಿದ ಔಷಧಿಗಳು ಕಾಣುವ ಹುಳವನ್ನು ಬೀಳಿಸಿ, ರಕ್ತ ಕುಡಿಯುವ ಹುಳವನ್ನು ಒಳಗೇ ಬಿಟ್ಟವು.

ಅದರ ಲೆಕ್ಕ ಹೀಗಿದೆ. ಕೊಕ್ಕೆ ಹುಳುವಿನ ಎರಡು ಜಾತಿಗಳಲ್ಲಿ ಕಡಿಮೆ ಹೀರುವ ಜಾತಿ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ನಷ್ಟಮಾಡುತ್ತದೆ. ಇನ್ನೊಂದು ಅದರ ಐದಾರು ಪಟ್ಟು. ಕಡಿಮೆಯದನ್ನೇ ಹಿಡಿಯೋಣ. ಒಬ್ಬನ ಕರುಳಿನಲ್ಲಿ ನೂರು ಹುಳುಗಳಿದ್ದರೆ ದಿನಕ್ಕೆ 3 ಮಿ.ಲೀ., ತಿಂಗಳಿಗೆ 90 ಮಿ.ಲೀ., ನಾಲ್ಕು ತಿಂಗಳಿಗೆ 360 ಮಿ.ಲೀ. ರಕ್ತದಾನ ಶಿಬಿರದಲ್ಲಿ ಒಬ್ಬರಿಂದ ಒಮ್ಮೆಗೆ ತೆಗೆದುಕೊಳ್ಳುವ ಪ್ರಮಾಣ ಸಾಮಾನ್ಯವಾಗಿ 350 ಮಿ.ಲೀ. ಅಂದರೆ ನಮ್ಮ ಕೂಲಿಕಾರ ವರ್ಷಕ್ಕೆ ಮೂರು ಬಾರಿ ಯಾರಿಗೂ ಉಪಯೋಗವಿಲ್ಲದ ರಕ್ತದಾನ ಮಾಡುತ್ತಿರುತ್ತಾನೆ. ಹೊಟ್ಟೆತುಂಬ ಉಣ್ಣುವವನು ಹೇಗೋ ತಡೆದುಕೊಳ್ಳಬಹುದು. ಅರೆಹೊಟ್ಟೆಯ ತಾಯಿ ಮತ್ತು ಬೆಳೆಯುವ ಮಗು ತಡೆದುಕೊಳ್ಳಲಾರರು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು. ಇದಕ್ಕೆಲ್ಲ ಹುಳವೇ ಕಾರಣವೆಂದಲ್ಲ, ಆಹಾರದ ಕೊರತೆ ದೊಡ್ಡ ಕಾರಣ. ಆದರೆ ತಳ ತೂತಾದ ಕೊಡಕ್ಕೆ ನೀರು ಹೊಯ್ದರೆ ತುಂಬುವುದು ಹೇಗೆ?

ಈ ಹುಳುವಿನ ಮರಿಗಳು ಬಾಯಿಯಿಂದಷ್ಟೇ ಅಲ್ಲ, ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಗುತ್ತವೆ. ನೆರಳು, ತೇವ ಮತ್ತು ಬೆಚ್ಚನೆಯ ಮಣ್ಣು ಅವಕ್ಕೆ ಹಿತ. ಜೋಯಿಡಾದ ಕಾಡಂಚಿನ ಹಾದಿಗಳು, ಹಳಿಯಾಳ-ಮುಂಡಗೋಡಗಳ ಭತ್ತದ ಗದ್ದೆಯ ಬದುಗಳು, ಇಟ್ಟಂಗಿ ಭಟ್ಟಿಯ ಕೆಸರು ಮಳೆಗಾಲದಲ್ಲಿ ಹೇಗಿರುತ್ತವೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಒಬ್ಬ ಬಯಲಿಗೆ ಹೋದರೆ, ಕೆಲವೇ ದಿನಗಳಲ್ಲಿ ಅದೇ ಮಣ್ಣು ಇನ್ನೊಬ್ಬನ ಕಾಲಿಗೆ ರೋಗ ಅಂಟಿಸುತ್ತದೆ.

ಮಾರುವವರು ತಿಳಿದಿರಬೇಕಾದ ಕಾನೂನು

ಅಲ್ಬೆಂಡಜೋಲ್ ಔಷಧ ನಿಯಮಾವಳಿಯ ಷೆಡ್ಯೂಲ್ ‘ಎಚ್’ ಪಟ್ಟಿಯಲ್ಲಿದೆ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಪರವಾನಗಿ ಪಡೆದ ಔಷಧಿ ಅಂಗಡಿಯವರೂ ಅದನ್ನು ಚಿಲ್ಲರೆಯಾಗಿ ಮಾರತಕ್ಕದ್ದಲ್ಲ. ಇನ್ನು ಕಿರಾಣಿ ಅಂಗಡಿಯ ಮಾತು. ಒಂದು ಸಾವಿರಕ್ಕೆ ಮೀರದ ಜನಸಂಖ್ಯೆಯ ಹಳ್ಳಿಗಳಲ್ಲಿ ಕೆಲವು ಗೃಹೋಪಯೋಗಿ ಔಷಧಗಳನ್ನು ಮಾರಾಟ ಪರವಾನಗಿಯಿಲ್ಲದೆ ಮಾರಲು ಷೆಡ್ಯೂಲ್ ‘ಕೆ’ ವಿನಾಯಿತಿ ನೀಡುತ್ತದೆ. ಜೋಯಿಡಾದ ಅನೇಕ ಹಳ್ಳಿಗಳು ಈ ಮಿತಿಯೊಳಗೆ ಬರುತ್ತವೆ. ಆದರೆ ಆ ಪಟ್ಟಿಯಲ್ಲಿರುವುದು ಪ್ಯಾರಾಸಿಟಮಾಲ್, ನೋವಿನ ಮುಲಾಮು, ಗ್ರೈಪ್ ವಾಟರ್, ಔಡಲೆಣ್ಣೆ, ನೀಲಗಿರಿ ಎಣ್ಣೆಯಂತಹ ಪದಾರ್ಥಗಳು. ಜಂತುಹುಳದ ಗುಳಿಗೆಯಾಗಲಿ ಸಿರಪ್ಪಾಗಲಿ ಅದರಲ್ಲಿಲ್ಲ.

ಪರವಾನಗಿಯಿಲ್ಲದೆ ಔಷಧ ಮಾರಿದರೆ ಕಾಯ್ದೆಯ 27ನೆಯ ಕಲಮಿನ ಪ್ರಕಾರ ಮೂರರಿಂದ ಐದು ವರ್ಷಗಳ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿ ಅಥವಾ ಜಪ್ತಿಯಾದ ಔಷಧದ ಬೆಲೆಯ ಮೂರು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಾಗದ ದಂಡ. ಒಂದು ಬಾಟಲಿಗೆ ಹತ್ತು ರೂಪಾಯಿ ಲಾಭವೆಂದರೆ ಹತ್ತು ಸಾವಿರ ಬಾಟಲಿಗಳ ಲಾಭ ಒಂದೇ ದಂಡಕ್ಕೆ ಜಮೆಯಾಗುತ್ತದೆ. ಕಾನೂನುಭಂಗಕ್ಕಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚೆಂದು ತೋರಿಸಲೂ ಬರುವುದಿಲ್ಲ.

ಆಯುರ್ವೇದ ಔಷಧಗಳ ಮಾರಾಟಕ್ಕೆ ಪರವಾನಗಿ ಬೇಡವೆಂಬುದು ನಿಜ. ಆದರೆ ತಯಾರಿಕೆಗೆ ಬೇಕು. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ದಿನಾಂಕ, ಘಟಕದ್ರವ್ಯಗಳ ಪಟ್ಟಿ ಲೇಬಲ್ಲಿನ ಮೇಲೆ ಇರಲೇಬೇಕು. ಇವು ಇಲ್ಲದ ಬಾಟಲಿಗೆ ‘ಇದು ಆಯುರ್ವೇದಿಕ್’ ಎಂಬ ಬಾಯಿಮಾತು ರಕ್ಷಣೆಯಾಗದು. ‘ಸಕಲ ಹುಳಗಳಿಗೆ ರಾಮಬಾಣ’ ಎಂಬಂತಹ ಸುಳ್ಳು ಹೊಗಳಿಕೆಯನ್ನು ಅಂಗಡಿಯ ಫಲಕದಲ್ಲಿ ಹಾಕಿದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ತೊಡಕೂ ಬರಬಹುದು.

ಇದು ಕಾಗದಪತ್ರದ ಕಟ್ಟುನಿಟ್ಟು ಮಾತ್ರವೆಂದು ತಿಳಿಯಬಾರದು. 2025ರಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಎಳೆಯ ಮಕ್ಕಳು ಅಸುನೀಗಿದ ದುರಂತವನ್ನು ಎಲ್ಲರೂ ಓದಿದ್ದೇವೆ. ಅದರಲ್ಲಿ ಪತ್ತೆಯಾದದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಣ. ಪರವಾನಗಿ, ಬ್ಯಾಚ್ ಸಂಖ್ಯೆ ಎಲ್ಲವೂ ಇದ್ದ ಬಾಟಲಿಯಲ್ಲಿಯೇ ಇಂಥ ಪ್ರಮಾದ ಸಂಭವಿಸಿತು. ಬ್ಯಾಚ್ ಸಂಖ್ಯೆ ಇದ್ದುದರಿಂದಲೇ ಉಳಿದ ಬಾಟಲಿಗಳನ್ನು ಹುಡುಕಿ ಹಿಂಪಡೆಯಲು ದಾರಿಯಾಯಿತು. ಸಂತೆಯ ಬಾಟಲಿಗೆ ಅಂಥ ದಾರಿಯೇ ಇಲ್ಲ.

ಉಚಿತ ಗುಳಿಗೆ ಮತ್ತು ಅದರ ಹೊರಗುಳಿದವರು

ಹಾಗಾದರೆ ಬಡವರು ಏನು ಮಾಡಬೇಕು? ಉತ್ತರ ಅವರ ಊರಿನ ಶಾಲೆಯಲ್ಲಿಯೇ ಇದೆ. 2015ರ ಫೆಬ್ರವರಿ 10ರಂದು ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಗುಳಿಗೆಯನ್ನು ಉಚಿತವಾಗಿ ನೀಡಲಾಗುತ್ತದೆ. ಪ್ರಮಾಣ 400 ಮಿಲಿಗ್ರಾಂ. ಎರಡು ವರ್ಷದೊಳಗಿನವರಿಗೆ ಅರ್ಧ ಗುಳಿಗೆ. ಎಳೆಯ ಮಕ್ಕಳಿಗೆ ಗಂಟಲಲ್ಲಿ ಸಿಲುಕದಂತೆ ಪುಡಿಮಾಡಿ ನೀರಿನೊಡನೆ ಕೊಡುತ್ತಾರೆ. ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಈ ಕಾರ್ಯಕ್ರಮ ನಡೆಯುತ್ತದೆ. ಆ ದಿನ ತಪ್ಪಿದವರಿಗೆ ಮುಂದಿನ ವಾರ ಇನ್ನೊಂದು ಅವಕಾಶವಿದೆ. ದುಂಡು ಹುಳು ಮತ್ತು ಕೊಕ್ಕೆ ಹುಳುವಿಗೆ ಈ ಗುಳಿಗೆ ಪರಿಣಾಮಕಾರಿ. ಚಾವಟಿ ಹುಳುವಿಗೆ ಒಂದೇ ಗುಳಿಗೆ ಸಾಲದೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಆದರೆ ನಮ್ಮ ನಾಲ್ಕು ತಾಲೂಕುಗಳ ಉದ್ಯಮ ಸ್ವರೂಪವನ್ನು ನೋಡಿದರೆ ಎರಡು ವರ್ಗದವರು ಈ ಬಲೆಯಿಂದ ನುಸುಳಿ ಹೋಗುವ ಸಂಭವ ಹೆಚ್ಚು. ಮೊದಲನೆಯವರು ಗುಳೆ ಬಂದವರ ಮಕ್ಕಳು. ಹಳಿಯಾಳ ಭಾಗದಲ್ಲಿ ಕಬ್ಬು ಕಟಾವು, ಇಟ್ಟಂಗಿ ಭಟ್ಟಿ, ಕಟ್ಟಡ ಕಾಮಗಾರಿಗಳಿಗೆ ಹೊರಗಿನಿಂದ ಬರುವ ಕುಟುಂಬಗಳು ಫೆಬ್ರವರಿಯಲ್ಲಿ ಗುಡಿಸಲು, ಟ್ರ್ಯಾಕ್ಟರುಗಳಲ್ಲಿಯೇ ಇರುತ್ತವೆ. ಶಾಲೆಗೆ ಹೋಗದ ಮಕ್ಕಳಿಗೂ ಅಂಗನವಾಡಿಯಲ್ಲಿ ಗುಳಿಗೆ ಸಿಗುತ್ತದೆಂಬ ನಿಯಮವಿದೆ. ಆದರೆ ಅವರನ್ನು ಅಲ್ಲಿಗೆ ಕರೆದೊಯ್ಯುವವರು ಯಾರು? ಎರಡನೆಯವರು ವಯಸ್ಕ ಕೂಲಿಕಾರರು. ಹತ್ತೊಂಬತ್ತು ದಾಟಿದವರು ಆ ದಿನದ ವ್ಯಾಪ್ತಿಗೆ ಬರುವುದಿಲ್ಲ. ತಂದೆತಾಯಿಗಳ ಹೊಟ್ಟೆಯಲ್ಲಿ ಹುಳು ಉಳಿದಿರುವಾಗ, ಗುಳಿಗೆ ತಿಂದ ಮಗು ಅದೇ ಅಂಗಳದಲ್ಲಿ ಆಡಿ ಕೆಲವು ತಿಂಗಳಲ್ಲಿ ಮತ್ತೆ ಸೋಂಕು ಪಡೆಯುತ್ತದೆ. ಒಂದು ಹೆಣ್ಣು ದುಂಡು ಹುಳು ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆಯಿಡುತ್ತದೆಂಬುದನ್ನು ನೆನೆದರೆ ಒಂದು ಗುಳಿಗೆಯ ಮಿತಿ ತಾನೇ ಅರಿವಾಗುತ್ತದೆ.

ವಯಸ್ಕರು ತಾವೇ ಗುಳಿಗೆ ನುಂಗಬಹುದಲ್ಲ ಎಂಬ ಪ್ರಶ್ನೆ ಬರಬಹುದು. ಗರ್ಭಧಾರಣೆಯ ಮೊದಲ ಮೂರು ತಿಂಗಳು ಅಲ್ಬೆಂಡಜೋಲ್ ಸಲ್ಲದು. ಲಾಡಿ ಹುಳುವಿನ ಮರಿಗಳು ಮೆದುಳಿನಲ್ಲಿ ಸೇರಿಕೊಂಡು ಫಿಟ್ಸ್ ಬರುವವರಲ್ಲಿ ಮೇಲ್ವಿಚಾರಣೆಯಿಲ್ಲದೆ ಈ ಔಷಧ ತೆಗೆದುಕೊಂಡರೆ ತೊಂದರೆ ಹೆಚ್ಚಬಹುದು. ಆದುದರಿಂದ ವಯಸ್ಕರಿಗೆ ವೈದ್ಯರ ಕಣ್ಣಳತೆ ಬೇಕೇ ಬೇಕು.

ಹಣ ಹೂಡಿದವರು ಕಂಡ ಫಲ

ವ್ಯಾಪಾರಿಯ ಮನಸ್ಸು ಸಹಜವಾಗಿ ಕೇಳುವುದು, ‘ಇದರಿಂದ ಗಿಟ್ಟುವುದೇನು?’ ಎಂದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಒಂದು ಕಾಲಕ್ಕೆ ಕೊಕ್ಕೆ ಹುಳುವಿನಿಂದ ಬಳಲುತ್ತಿದ್ದ ದುಡಿಯುವ ಜನರನ್ನು ‘ಸೋಮಾರಿಗಳು’ ಎಂದು ಹಳಿಯಲಾಗುತ್ತಿತ್ತು. 1909ರಲ್ಲಿ ಉದ್ಯಮಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ನೀಡಿ ಆರಂಭಿಸಿದ ಆಂದೋಲನವು ಔಷಧ ಹಂಚುವುದರ ಜೊತೆಗೆ ಶೌಚಾಲಯಗಳಿಗಾಗಿಯೂ ಪ್ರಚಾರ ಮಾಡಿತು. ಅರ್ಥಶಾಸ್ತ್ರಜ್ಞ ಹೊಯ್ಟ್ ಬ್ಲೀಕ್ಲಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸೋಂಕು ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಆಂದೋಲನದ ನಂತರ ಮಕ್ಕಳ ಶಾಲಾ ಹಾಜರಿ ಮತ್ತು ಸಾಕ್ಷರತೆ ಏರಿದವು. ಆ ಮಕ್ಕಳು ದೊಡ್ಡವರಾದಾಗ ಅವರ ಆದಾಯವೂ ಏರಿತು. ಕೆನ್ಯಾದ ಶಾಲೆಗಳಲ್ಲಿ ನಡೆದ ಪ್ರಯೋಗದಲ್ಲಿ ಗೈರುಹಾಜರಿ ಕಾಲು ಭಾಗ ಇಳಿಯಿತೆಂದು 2004ರಲ್ಲಿ ಮಿಗೆಲ್ ಮತ್ತು ಕ್ರೆಮರ್ ವರದಿ ಮಾಡಿದರು. ಇಪ್ಪತ್ತು ವರ್ಷಗಳ ಬಳಿಕ ಆ ಮಕ್ಕಳ ಗಂಟೆಯ ಗಳಿಕೆ ಶೇ. 13ರಷ್ಟು ಹೆಚ್ಚಿತ್ತೆಂದು 2021ರಲ್ಲಿ ಮುಂದಿನ ಅಧ್ಯಯನ ಹೇಳಿತು. ಸಾಮೂಹಿಕವಾಗಿ ಗುಳಿಗೆ ಹಂಚುವುದರಿಂದ ಸರಾಸರಿ ಲಾಭ ಅಷ್ಟಿಲ್ಲವೆಂದು ವಾದಿಸುವ ತಜ್ಞರೂ ಇದ್ದಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಹುಳು ಇದ್ದವನಿಗೆ ಚಿಕಿತ್ಸೆ ಬೇಕು, ಶೌಚಾಲಯ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಘಟ್ಟದ ಮೇಲಿನ ಸೀಮೆ ಒಂದು ಕಾಲಕ್ಕೆ ಮಲೇರಿಯಾಕ್ಕೆ ಕುಖ್ಯಾತವಾಗಿತ್ತು. 1946ರಲ್ಲಿ ಅಂದಿನ ಮುಂಬಯಿ ಪ್ರಾಂತದ ಸರಕಾರವು ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಮನೆಗಳ ಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಯೋಜನೆಯನ್ನು ಕೈಗೊಂಡಿತು. ಜ್ವರ ಹಿಮ್ಮೆಟ್ಟಿದ ಈ ಸೀಮೆಯಲ್ಲಿಯೇ 1950ರ ದಶಕದ ಕೊನೆಗೆ ದಾಂಡೇಲಿಯ ಕಾಗದದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಮನೆಮನೆಯ ಜ್ವರದ ಬಾಟಲಿಯಿಂದ ಆಗದ ಕೆಲಸ ಊರೆಲ್ಲ ಸೇರಿ ಗೋಡೆಗೆ ಮಾಡಿದ ಖರ್ಚಿನಿಂದ ಆಯಿತು.

ರೆವಿನ್ಯೂ ಖರ್ಚೋ, ಬಂಡವಾಳ ಖರ್ಚೋ?

ಬಿ.ಕಾಂ. ಮೊದಲ ವರ್ಷದಲ್ಲಿ ನಮಗೆ ಕಲಿಸಿದ ಪಾಠವಿದು: ವರ್ಷದೊಳಗೆ ಫಲ ತೀರಿಹೋಗುವುದು ರೆವಿನ್ಯೂ ಖರ್ಚು, ಹಲವು ವರ್ಷ ಫಲ ಕೊಡುವುದು ಬಂಡವಾಳ ಖರ್ಚು. ಹುಳದ ಔಷಧಿ ಮೊದಲನೆಯದು. ಶೌಚಾಲಯ, ನೀರಿನ ನಲ್ಲಿ ಎರಡನೆಯದು. ಬಂಡವಾಳ ಖರ್ಚನ್ನು ಮುಂದೂಡಿ ಪ್ರತಿ ವರ್ಷ ರೆವಿನ್ಯೂ ಖರ್ಚು ಮಾಡುತ್ತ ಹೋಗುವ ಉದ್ಯಮವನ್ನು ನಾವು ನಷ್ಟದ ಉದ್ಯಮವೆನ್ನುತ್ತೇವೆ.

ಒಂದು ಉದಾಹರಣೆ ನೋಡೋಣ. ಹನ್ನೆರಡು ಕೆಲಸಗಾರರಿರುವ ಒಂದು ಸಾಮಿಲ್ ಇದೆ ಎಂದುಕೊಳ್ಳಿ. ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಬಾರಿ 60 ರೂಪಾಯಿಯ ಬಾಟಲಿ ಕೊಂಡರೆ 1,440 ರೂಪಾಯಿ. ಹೊಟ್ಟೆನೋವು, ನಿಶ್ಶಕ್ತಿ ಎಂದು ಪ್ರತಿಯೊಬ್ಬರೂ ವರ್ಷಕ್ಕೆ ನಾಲ್ಕು ದಿನ ತಪ್ಪಿಸಿದರೆ, ದಿನಕ್ಕೆ 500 ರೂಪಾಯಿಯಂತೆ 24,000. ಒಟ್ಟು 25,440 ರೂಪಾಯಿ. ಇದಕ್ಕೆ ಎದುರಾಗಿ ಎರಡು ಶೌಚಾಲಯ, ಒಂದು ತೊಟ್ಟಿ, ಕೈ ತೊಳೆಯುವ ನಲ್ಲಿಗೆ 90,000 ರೂಪಾಯಿ ತಗಲುತ್ತದೆಂದು ಹಿಡಿಯಿರಿ. ನಷ್ಟದಲ್ಲಿ ಅರ್ಧ ಮಾತ್ರ ತಪ್ಪಿದರೂ ಸುಮಾರು ಏಳು ವರ್ಷಗಳಲ್ಲಿ ಹಾಕಿದ ಹಣ ಮರಳುತ್ತದೆ. ಕಟ್ಟಡವಾದರೋ ಅದರ ಎರಡು ಮೂರು ಪಟ್ಟು ಕಾಲ ನಿಲ್ಲುತ್ತದೆ. ಇವೆಲ್ಲ ಕೇವಲ ಉದಾಹರಣೆಯ ಅಂಕಿಗಳು. ಓದುಗರು ತಮ್ಮ ತಮ್ಮ ಹಾಜರಿ ಪುಸ್ತಕ ತೆರೆದು ತಮ್ಮ ಅಂಕಿಗಳನ್ನು ತುಂಬಿಕೊಳ್ಳಲಿ. ಕಟ್ಟಡಕ್ಕೆ ಸವಕಳಿ ದೊರೆಯುತ್ತದೆ. ಕೆಲಸಗಾರರಿಗೆ ಕೊಟ್ಟ ಚಪ್ಪಲಿ, ಬೂಟುಗಳು ಕಲ್ಯಾಣ ವೆಚ್ಚವಾಗಿ ಮಾನ್ಯವಾಗುತ್ತವೆ. ಕಾರ್ಖಾನೆಗಳಲ್ಲಿ ಕುಡಿಯುವ ನೀರು, ಶೌಚಾಲಯಗಳು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಮಾಲೀಕರ ಹೊಣೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿಯೂ ಆ ಹೊಣೆ ಮುಂದುವರಿದಿದೆ. ಸಣ್ಣ ಘಟಕಗಳಿಗೆ ಕಾನೂನು ಅನ್ವಯಿಸದಿರಬಹುದು. ಹುಳುವಿಗೆ ಆ ವಿನಾಯಿತಿ ಗೊತ್ತಿಲ್ಲ.

ಸದಸ್ಯ ಬಾಂಧವರಲ್ಲಿ ವಿನಂತಿ

ಈ ನಿಟ್ಟಿನಲ್ಲಿ ನಮ್ಮ ಸಂಸ್ಥೆಯ ಸದಸ್ಯರ ಪರಿಶೀಲನೆಗಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

1. ಕಿರಾಣಿ ವ್ಯಾಪಾರಸ್ಥರು ಬಿಲ್ಲು, ಬ್ಯಾಚ್ ಸಂಖ್ಯೆ ಮತ್ತು ತಯಾರಿಕಾ ಪರವಾನಗಿ ಸಂಖ್ಯೆಯಿಲ್ಲದ ಯಾವುದೇ ಹುಳದ ಔಷಧಿಯನ್ನು ಕೊಳ್ಳಬಾರದು, ಮಾರಬಾರದು. ಈಗಾಗಲೇ ಇರುವ ದಾಸ್ತಾನನ್ನು ಶೂನ್ಯ ಬೆಲೆಗೆ ಇಳಿಸಿ, ಔಷಧ ನಿಯಂತ್ರಣ ಇಲಾಖೆಯ ಸಲಹೆಯಂತೆ ವಿಲೇವಾರಿ ಮಾಡುವುದು ಕ್ಷೇಮ.

2. ಔಷಧಿ ಅಂಗಡಿಯವರು ಹುಳದ ಔಷಧಿ ಕೇಳಿ ಬರುವವರಿಗೆ, ಮಕ್ಕಳಿಗೆ ಅಂಗನವಾಡಿ, ಶಾಲೆಗಳಲ್ಲಿ ಗುಳಿಗೆ ಉಚಿತವೆಂಬ ಮಾತನ್ನು ತಿಳಿಸಬೇಕು. ಒಂದು ಮಾರಾಟ ತಪ್ಪಬಹುದು, ಗಿರಾಕಿ ತಪ್ಪುವುದಿಲ್ಲ.

3. ಭಟ್ಟಿ, ಕಟಾವು, ಕಾಮಗಾರಿಗಳಿಗೆ ಹೊರಗಿನಿಂದ ಆಳು ಕರೆಸುವವರು, ಗುತ್ತಿಗೆದಾರರು ಫೆಬ್ರವರಿ ಮತ್ತು ಆಗಸ್ಟಿನ ಆ ದಿನಗಳಂದು ಅವರ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರಿಗೆ ಮುಂಚಿತವಾಗಿ ಕೊಟ್ಟು, ಮಕ್ಕಳನ್ನು ಅಂಗನವಾಡಿಗೆ ಮುಟ್ಟಿಸುವ ವಾಹನದ ಹೊಣೆ ಹೊರಬೇಕು.

4. ವಯಸ್ಕ ಕೆಲಸಗಾರರಿಗಾಗಿ ವರ್ಷಕ್ಕೊಮ್ಮೆ ತಾಲೂಕು ಆಸ್ಪತ್ರೆಯ ವೈದ್ಯರ ಸಹಕಾರದಿಂದ ರಕ್ತ ಮತ್ತು ಮಲ ಪರೀಕ್ಷೆಯ ಶಿಬಿರವನ್ನು ನಮ್ಮ ಸಂಸ್ಥೆಯೇ ಏರ್ಪಡಿಸಬಹುದು. ಇಎಸ್ಐ ವ್ಯಾಪ್ತಿಯಲ್ಲಿರುವವರಿಗೆ ಆ ಸೌಲಭ್ಯವನ್ನು ಬಳಸಿಕೊಳ್ಳಲು ಮಾಲೀಕರು ಅರ್ಧ ದಿನದ ರಜೆ ಕೊಟ್ಟರೆ ಸಾಕು.

5. ಸಣ್ಣ ಘಟಕಗಳು ಸ್ವಂತ ಶೌಚಾಲಯ ಕಟ್ಟಲಾರವಾದರೆ, ಅಕ್ಕಪಕ್ಕದ ನಾಲ್ಕೈದು ಘಟಕಗಳು ಕೂಡಿ ಒಂದನ್ನು ಕಟ್ಟಿ ಖರ್ಚನ್ನು ಹಂಚಿಕೊಳ್ಳಲಿ. ಮಳೆಗಾಲಕ್ಕೆ ಮುನ್ನ ಪ್ರತಿ ಕೆಲಸಗಾರನಿಗೆ ಒಂದು ಜೊತೆ ರಬ್ಬರ್ ಬೂಟು ಅಥವಾ ಚಪ್ಪಲಿ ಕೊಡುವ ಪದ್ಧತಿಯನ್ನು ದೀಪಾವಳಿಯ ಬಟ್ಟೆಯಷ್ಟೇ ಶ್ರದ್ಧೆಯಿಂದ ಪಾಲಿಸಲಿ.

ಸೆಪ್ಟೆಂಬರ್ 22, 2025ರಿಂದ ಬಹುತೇಕ ಔಷಧಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನ ಮಾಲು ದುಬಾರಿ ಎಂಬ ಹಳೆಯ ನೆಪಕ್ಕೆ ಅಷ್ಟರಮಟ್ಟಿಗೆ ಬಲ ಕಡಿಮೆಯಾಗಿದೆ.

ಆ ಕಿರಾಣಿ ಅಂಗಡಿಯ ಮಾಲೀಕರ ಸಂಗತಿ ಹೇಳದೆ ಲೇಖನ ಮುಗಿಸುವುದು ಸರಿಯಲ್ಲ. ಅಂದು ನನ್ನ ಮಾತು ಅವರಿಗೆ ರುಚಿಸಲಿಲ್ಲ. ಆದರೆ ಮರುವರ್ಷ ಮಾರ್ಚಿನಲ್ಲಿ ಹೋದಾಗ ಆ ಹಲಗೆಯ ಮೇಲೆ ಬಾಟಲಿಗಳಿರಲಿಲ್ಲ. ಅದೇ ಜಾಗದಲ್ಲಿ ಮಕ್ಕಳ ರಬ್ಬರ್ ಚಪ್ಪಲಿಗಳನ್ನು ಜೋಡಿಸಿದ್ದರು. “ಬಾಟ್ಲಿಗಿಂತ ಮಾರ್ಜಿನ್ ಕಮ್ಮಿ ರಿ, ಆದ್ರ ಬಿಲ್ಲು ಐತಿ” ಎಂದರು. ಮೂರು ದಶಕಗಳ ವೃತ್ತಿಯಲ್ಲಿ ನಾನು ಸಹಿ ಮಾಡಿದ ದಾಸ್ತಾನು ಪಟ್ಟಿಗಳಲ್ಲಿ ಅದರಷ್ಟು ಸಂತೋಷದಿಂದ ಸಹಿ ಮಾಡಿದ ಪಟ್ಟಿ ಇನ್ನೊಂದಿಲ್ಲ.